ಜರಡಿಯಲ್ಲಿ ಉಳಿದದ್ದು

ಬೆಳಗ್ಗೆ ಹನ್ನೊಂದಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಆಸ್ಪತ್ರೆಯ ಅಡುಗೆಮನೆಯಿಂದ ಮೂಳೆ ವಾರ್ಡಿಗೆ ಹನ್ನೆರಡು ಗಾಜಿನ ಲೋಟ ಹೋಗುತ್ತಿದ್ದವು. ಅವನ್ನು ಹೊತ್ತ ತಳ್ಳುಗಾಡಿಯ ಒಂದು ಚಕ್ರ ಇಡೀ ಮಹಡಿಗೆ ಕೇಳುವ ಹಾಗೆ ಕಿರುಗುಟ್ಟುತ್ತಿತ್ತು. ಗಾಡಿ ತಳ್ಳುವವಳದು ಮಾತ್ರ ಒಂದು ಸದ್ದೂ ಇರುತ್ತಿರಲಿಲ್ಲ. ಅದಕ್ಕೇ ಅಡುಗೆಮನೆಯವರು ಅವಳಿಗೆ ಮೂಗಿ ಎಂದು ಹೆಸರಿಟ್ಟಿದ್ದರು.

ಅವಳೇನು ಮೂಗಿಯಲ್ಲ. ಕೇಳಿದರೆ ಉತ್ತರ ಕೊಡುತ್ತಿದ್ದಳು, ಆದರೆ ಕೇಳುವವರು ಕಡಿಮೆ. ಎಂಟನೇ ತರಗತಿಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದು ಎಂದಾಗಲೆಲ್ಲ ಗಂಟಲು ಕಟ್ಟಿಕೊಳ್ಳುತ್ತಿತ್ತು, ತರಗತಿಯೆಲ್ಲ ಗೊಳ್ಳೆಂದು ನಗುತ್ತಿತ್ತು. ಒಂದು ದಿನ ಚೀಲ ಎತ್ತಿಕೊಂಡು ಮನೆಗೆ ಬಂದವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅವಳನ್ನು ಸಾಕಿದ ದೊಡ್ಡಮ್ಮ ಅವತ್ತು ಬೈಯಲಿಲ್ಲ. ಹೊಲಿಗೆ ಯಂತ್ರದ ಮುಂದಿನಿಂದ ಏಳದೆಯೇ, ಸರಿ, ಗುಂಡಿ ಹಚ್ಚು ಬಾ ಎಂದು ಸೂಜಿ ದಾರ ಕೈಗೆ ಕೊಟ್ಟಿದ್ದಳು. ಬಾಯಿ ಮುಚ್ಚಿಕೊಂಡಿದ್ದರಿಂದಲೋ ಏನೋ ಹುಡುಗಿಯ ಕಣ್ಣು ಚುರುಕಾಯಿತು. ಯಾರ ಅಂಗಿಯ ಹೊಲಿಗೆ ಎಲ್ಲಿ ಬಿಟ್ಟಿದೆ, ಯಾರು ಚಪ್ಪಲಿಯನ್ನು ಒಂದೇ ಕಡೆ ಸವೆಸಿದ್ದಾರೆ, ಎಲ್ಲ ಅವಳಿಗೆ ಕಾಣುತ್ತಿತ್ತು. ಹೇಳುತ್ತಿರಲಿಲ್ಲ, ಅಷ್ಟೆ.

ಈಗ ಆ ದೊಡ್ಡಮ್ಮನೇ ಮೂಳೆ ವಾರ್ಡಿನ ಐದನೇ ಮಂಚದಲ್ಲಿ ಮಲಗಿದ್ದಳು. ಬೀರುವಿನ ಮೇಲಿಂದ ಬಟ್ಟೆಯ ಗಂಟು ಇಳಿಸಲು ಸ್ಟೂಲು ಹತ್ತಿದವಳು ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಆಗಿ ಐದು ವಾರ. ಮೂಳೆಯೇನೋ ಕೂಡಿಕೊಳ್ಳುತ್ತಿದೆ ಎಂದಿದ್ದರು. ಆದರೆ ಹೊಲಿಗೆ ಹಾಕಿದ ಗಾಯದ ಒಂದು ತುದಿ ಇನ್ನೂ ಬಾಯಿ ತೆರೆದುಕೊಂಡೇ ಇತ್ತು, ಮಲಗಿ ಮಲಗಿ ಹಿಮ್ಮಡಿಯಲ್ಲಿ ಹುಣ್ಣಾಗಿತ್ತು. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲುಗಳು ಒಲೆಗೆ ಇಡುವ ಕಟ್ಟಿಗೆಯಂತೆ ಸೊರಗಿಹೋಗಿದ್ದವು. ವಾಕರ್ ಹಿಡಿದು ನಿಲ್ಲಿಸಿದರೆ ಹತ್ತು ಎಣಿಸುವಷ್ಟರಲ್ಲಿ ಮಂಡಿ ಗಡಗಡ ನಡುಗಿ ಕೂತುಬಿಡುತ್ತಿದ್ದಳು.

ಮೂಗಿಯ ಕೆಲಸ ಸುಲಭದ್ದು. ಲೋಟ ಕೊಡುವುದು, ಕುಡಿಯುವ ತನಕ ಕಾಯುವುದು, ಖಾಲಿ ಲೋಟ ತೆಗೆದುಕೊಂಡು ಮಂಚದ ಕಾಲ ಬಳಿ ನೇತುಹಾಕಿದ ಹಾಳೆಯಲ್ಲಿ ‘ಪ್ರೋಟೀನ್’ ಎಂದಿರುವ ಸಾಲಿನಲ್ಲಿ ಟಿಕ್ ಹಾಕುವುದು. ಲೋಟ ಖಾಲಿಯಾದರೆ ಟಿಕ್. ಅರ್ಧ ಉಳಿದರೆ ಅರ್ಧ ಗೀಟು. ದೊಡ್ಡಮ್ಮನ ಹಾಳೆಯಲ್ಲಿ ಅರ್ಧ ಗೀಟು ಒಂದೂ ಇರಲಿಲ್ಲ. ವಾರ್ಡಿನವರೆಲ್ಲ ಅದನ್ನು ಬಿಳಿ ನೀರು ಎಂದು ಕರೆಯುತ್ತಿದ್ದರು. ದೊಡ್ಡಮ್ಮ ಮಾತ್ರ ಮೂಗು ಹಿಡಿಯದೆ, ಮುಖ ಸಿಂಡರಿಸದೆ, ಕೊನೆಯ ತೊಟ್ಟಿನವರೆಗೆ ಕುಡಿದು ಲೋಟ ಬೋರಲು ಹಾಕಿ ತೋರಿಸುತ್ತಿದ್ದಳು.

ಸೋಮವಾರ ಸೋಮವಾರ ದೊಡ್ಡ ಡಾಕ್ಟರು ರೌಂಡ್ಸಿಗೆ ಬರುತ್ತಿದ್ದರು. ಹಿಂದಿನ ಸೋಮವಾರ ಅವರು ಹಾಳೆ ತಿರುವಿ ನೋಡಿ, ಔಷಧ ಸರಿಯಾಗಿದೆ, ಪ್ರೋಟೀನ್ ಒಂದು ಹೊತ್ತೂ ತಪ್ಪಿಲ್ಲ, ಆದರೂ ಏಳುತ್ತಿಲ್ಲ ಎಂದರೆ ಮನಸ್ಸು ಮಾಡುತ್ತಿಲ್ಲ ಎಂದೇ ಅರ್ಥ ಎಂದಿದ್ದರು. ಬೈದು ಹೇಳಿರಲಿಲ್ಲ, ಮೆತ್ತಗೇ ಹೇಳಿದ್ದರು. ಇನ್ನೊಂದು ವಾರ ನೋಡೋಣ, ನಿಲ್ಲದಿದ್ದರೆ ಹಿಂದಿನ ಕಟ್ಟಡಕ್ಕೆ ಕಳಿಸೋಣ ಎಂದು ವಾರ್ಡ್ ಸಿಸ್ಟರಿಗೆ ಹೇಳಿ ಮುಂದಿನ ಮಂಚಕ್ಕೆ ಹೋಗಿದ್ದರು.

ಹಿಂದಿನ ಕಟ್ಟಡವೆಂದರೇನು ಎಂದು ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಮಂಚಗಳಿದ್ದವು, ಹೊದಿಕೆಗಳಿದ್ದವು, ಹೊತ್ತಿಗೆ ಊಟವಿತ್ತು. ಎಬ್ಬಿಸಿ ನಡೆಸುವವರು ಇರಲಿಲ್ಲ. ಅಲ್ಲಿಗೆ ಹೋದವರು ನಡೆದು ಹೊರಗೆ ಬಂದದ್ದನ್ನು ಮೂಗಿ ಒಮ್ಮೆಯೂ ಕಂಡಿರಲಿಲ್ಲ. ಒಂದೂವರೆ ತಿಂಗಳ ಹಿಂದೆ ಏಳನೇ ಮಂಚದ ಲೆಕ್ಕದ ಟೀಚರನ್ನು ಅಲ್ಲಿಗೆ ಸಾಗಿಸಿದ್ದರು. ಟೀಚರು ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಇಟ್ಟ ಹೆಜ್ಜೆಯನ್ನೆಲ್ಲ ಗಟ್ಟಿಯಾಗಿ ಎಣಿಸುತ್ತಿದ್ದರು. ನಾಲ್ಕಕ್ಕಿಂತ ಮುಂದೆ ಎಣಿಕೆ ಹೋಗಲೇ ಇಲ್ಲ. ಅವರ ಹಾಳೆಯ ತುಂಬ ಕೂಡ ಮೂಗಿಯ ಟಿಕ್ಕುಗಳೇ ಇದ್ದವು.

ಡಾಕ್ಟರು ಅತ್ತ ಹೋದ ಮೇಲೆ ದೊಡ್ಡಮ್ಮ ಗೋಡೆ ನೋಡುತ್ತ ಹೇಳಿದಳು: “ಮನಸ್ಸು ಮಾಡಿ ಮಾಡಿ ಮನಸ್ಸೇ ಸವೆದುಹೋಯ್ತು ಕಣೇ. ಕಾಲಿಗೆ ಅದು ತಿಳೀತಿಲ್ಲ.”

ಗುರುವಾರ ಪಥ್ಯದ ಮೇಡಂ ಬಂದರು. ಯಾವ ರೋಗಿಗೆ ಏನು ಆಹಾರ ಎಂದು ಬರೆದುಕೊಡುವವರು ಅವರು. ಮಂಗಳವಾರ, ಗುರುವಾರ ಮಾತ್ರ ಈ ಆಸ್ಪತ್ರೆಗೆ ಬರುತ್ತಿದ್ದರು. ಬಂದರೂ ಮೇಲಿನ ಮಹಡಿಯ ಕೋಣೆ, ವಾರ್ಡು, ಮತ್ತೆ ಕೋಣೆ, ಇಷ್ಟೇ ಅವರ ಓಡಾಟ. ಅಡುಗೆಮನೆ ನೆಲಮಾಳಿಗೆಯಲ್ಲಿತ್ತು. ಅಲ್ಲಿಗೆ ಅವರು ಬರೆದ ಚೀಟಿ ಇಳಿಯುತ್ತಿತ್ತು, ಅವರು ಇಳಿಯುತ್ತಿರಲಿಲ್ಲ. ಒಳ್ಳೆಯವರು, ಸಣ್ಣ ವಯಸ್ಸಿನವರು, ಕೇಳಿದ್ದಕ್ಕೆ ಬೇಸರವಿಲ್ಲದೆ ಹೇಳುವವರು. ದೊಡ್ಡಮ್ಮ ಅವರನ್ನು ಹಿಡಿದು ಕೇಳಿಯೇಬಿಟ್ಟಳು, ಈ ಬಿಳಿ ನೀರಿನಲ್ಲಿ ಅಂಥದ್ದೇನಿದೆ ಎಂದು.

ಮೇಡಂ ಮಂಚದ ಅಂಚಿಗೆ ಕೂತರು. ಹಾಲು ಒಡೆದಾಗ ಗಟ್ಟಿ ಒಂದು ಕಡೆ, ತಿಳಿ ನೀರು ಒಂದು ಕಡೆ ಆಗುತ್ತದಲ್ಲ, ಜನ ಎಷ್ಟೋ ಕಾಲ ಆ ತಿಳಿಯನ್ನು ಚೆಲ್ಲುತ್ತಿದ್ದರು, ಆದರೆ ಅದರಲ್ಲೇ ಇರುವುದು ಈ ಪ್ರೋಟೀನು ಎಂದರು. ಅದರ ಆಕಾರ ಹೇಗಿರುತ್ತದೆ ಎಂದು ತೋರಿಸಲು ಗಾಯಕ್ಕೆ ಕಟ್ಟುವ ಪಟ್ಟಿಯ ಸುರುಳಿ ಬಿಚ್ಚಿ ಮಡಿಕೆ ಮಡಿಕೆಯಾಗಿ ಮಡಚಿ, ಸುತ್ತಿ, ಅಂಗೈ ಮೇಲೆ ಒಂದು ಪುಟ್ಟ ಬಟ್ಟಲು ಮಾಡಿದರು. ದೊಡ್ಡಮ್ಮನ ಕಣ್ಣಿಗೆ ಜೀವ ಬಂದಿತು. ಬಟ್ಟೆ ಮಡಚುವ ವಿಷಯವಲ್ಲವೇ.

“ಎಷ್ಟು ನೆರಿಗೆ ಹಿಡಿದ್ರಿ?”

“ಎಂಟು. ಒಂಬತ್ತನೇದು ಪಕ್ಕದಲ್ಲಿ ಆಚೆಗೆ ಇರುತ್ತೆ. ಈ ಬಟ್ಟಲಿನೊಳಗೆ ಜಿಡ್ಡಿನ ಪದಾರ್ಥ ಕೂತ್ಕೊಳ್ಳುತ್ತೆ, ಎ ವಿಟಮಿನ್ ಥರದ್ದು.”

“ಎಂಟು ನೆರಿಗೇಲಿ ಬಟ್ಟಲು ಹೊಲಿದಿರೋ ದರ್ಜಿ ನಂಗಿಂತ ಗಟ್ಟಿಗ ಬಿಡಿ.”

ಮೇಡಂ ನಕ್ಕರು. ಜೇಬಿನಿಂದ ಒಂದು ಪಿನ್ನು ತೆಗೆದು ಬಟ್ಟಲಿನ ಮಡಿಕೆಯೊಳಗೆ ಹೊರಗೆ ಕಾಣದ ಹಾಗೆ ಸಿಕ್ಕಿಸಿದರು. ಹೀಗೆ ಒಂದು ಕೊಕ್ಕೆ ಒಳಗೆ ಅಡಗಿರುತ್ತದೆ, ತಣ್ಣಗಿದ್ದಷ್ಟು ಹೊತ್ತು ತನ್ನ ಪಾಡಿಗೆ ಇರುತ್ತದೆ ಎಂದರು. ವಿಪರೀತ ಕಾಯಿಸಿದರೆ ಮಡಿಕೆ ಬಿಚ್ಚಿಕೊಂಡು ಕೊಕ್ಕೆ ಆಚೆ ಬರುತ್ತದೆ, ಪಕ್ಕದ್ದಕ್ಕೆ ಸಿಕ್ಕಿಕೊಳ್ಳುತ್ತದೆ, ಅದು ಅದರ ಪಕ್ಕದ್ದಕ್ಕೆ. ಮೊಟ್ಟೆಯ ಬಿಳಿ ಬೇಯಿಸಿದಾಗ ಆಗುತ್ತದಲ್ಲ, ಹಾಗೆ ಗಂಟು ಗಂಟಾಗುತ್ತದೆ. ಗಂಟಾದರೂ ಕೆಟ್ಟಿತು ಎಂದಲ್ಲ, ಹೊಟ್ಟೆಗೆ ಹೋದರೆ ಎಲ್ಲ ಕತ್ತರಿಸಿ ಚೂರಾಗುವಂಥದ್ದೇ. ಆ ಚೂರುಗಳಿಂದಲೇ ಮೈ ಹೊಸ ಮಾಂಸ ಕಟ್ಟಿಕೊಳ್ಳುವುದು, ಗಾಯ ಕೂಡಿಸಿಕೊಳ್ಳುವುದು. ಸ್ನಾಯುಗಳನ್ನು ಕೆಲಸಕ್ಕೆ ಎಬ್ಬಿಸುವ ಲ್ಯೂಸಿನ್ ಎಂಬ ಚೂರು ಇದರಲ್ಲಿ ಹೇರಳವಾಗಿದೆ. ತಾಯಿಹಾಲಿನಲ್ಲಿ ಈ ಬಟ್ಟಲು ಇರುವುದಿಲ್ಲ, ಹಸುವಿನ ಹಾಲಿನಲ್ಲಿದೆ. ಕೆಲವು ಎಳೆ ಮಕ್ಕಳಿಗೆ ಆ ಕಾರಣಕ್ಕೇ ಒಗ್ಗುವುದಿಲ್ಲ. ಆದರೆ ನಿಮ್ಮಂಥವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

“ಅಂದ್ರೆ ಕರುವಿಗೆ ಅಂತ ಇಟ್ಟಿದ್ದನ್ನ ನಾನು ಕುಡೀತಿದ್ದೀನಿ,” ಎಂದಳು ದೊಡ್ಡಮ್ಮ. “ಕರು ಹುಟ್ಟಿದ ದಿನಾನೇ ಎದ್ದು ನಿಲ್ಲುತ್ತೆ ಮೇಡಂ. ನಾನು ಐದು ವಾರದಿಂದ ಕುಡೀತಿದ್ದೀನಿ.”

ಮೇಡಂ ಹಾಳೆ ನೋಡಿದರು, ಸಾಲಾಗಿ ಟಿಕ್ಕುಗಳಿದ್ದವು. ವಯಸ್ಸಾದ ಮೇಲೆ ಸ್ವಲ್ಪ ನಿಧಾನ ಎಂದು ಕೈ ತಟ್ಟಿ ಎದ್ದರು. ಪಟ್ಟಿಯ ಬಟ್ಟಲು ದೊಡ್ಡಮ್ಮನ ದಿಂಬಿನ ಪಕ್ಕದಲ್ಲೇ ಉಳಿಯಿತು.

ಖಾಲಿ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದ ಮೂಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಮರುದಿನ ಹನ್ನೊಂದು ಗಂಟೆಗೆ ಹತ್ತು ನಿಮಿಷವಿತ್ತು. ಅಡುಗೆಮನೆಯ ಉದ್ದ ಸ್ಟೀಲ್ ಮೇಜಿನ ಮೇಲೆ ಹನ್ನೆರಡು ಲೋಟ ಜೋಡಿಸಿ ಮೂಗಿ ಕಾಯುತ್ತಿದ್ದಳು. ಮುಖ್ಯ ಅಡುಗೆಯವನು ಕೆಲಸ ಶುರು ಮಾಡಿದ. ಅವನನ್ನು ಎಲ್ಲರೂ ಜರಡಿಯಣ್ಣ ಎನ್ನುತ್ತಿದ್ದರು. ಚಹಾ, ಸೂಪು, ಗಂಜಿ, ಜರಡಿಗೆ ಹಾಕದೆ ಅವನ ಕೈಯಿಂದ ಏನೂ ಆಚೆ ಹೋಗುತ್ತಿರಲಿಲ್ಲ. ಅದು ಅವನ ತಿಕ್ಕಲಲ್ಲ. ಗೋಡೆಯ ಮೇಲೆ ಮ್ಯಾನೇಜರು ಸಹಿ ಹಾಕಿದ ಎರಡು ನೋಟಿಸುಗಳಿದ್ದವು. ಹಿಂದಿನ ವರ್ಷ ವಾರ್ಡುಗಳಲ್ಲಿ ವಾಂತಿಭೇದಿ ಹಬ್ಬಿದಾಗ ಅಂಟಿಸಿದ ಮೊದಲನೆಯದರಲ್ಲಿ ಪುಡಿ ಬೆರೆಸಿ ಮಾಡುವ ಯಾವ ಪಾನೀಯಕ್ಕೂ ಕುದಿಯುವ ನೀರನ್ನೇ ಬಳಸತಕ್ಕದ್ದು ಎಂದಿತ್ತು. ಮುದುಕರೊಬ್ಬರ ಗಂಟಲಲ್ಲಿ ಗಂಟು ಸಿಕ್ಕಿಕೊಂಡು ದೂರು ಬಂದಾಗ ಅಂಟಿಸಿದ ಎರಡನೆಯದರಲ್ಲಿ ಯಾವ ಪಾನೀಯವನ್ನೂ ಸೋಸದೆ ಕಳಿಸತಕ್ಕದ್ದಲ್ಲ ಎಂದಿತ್ತು. ಒಂದೊಂದನ್ನೇ ಓದಿದರೆ ಎರಡೂ ಒಳ್ಳೆಯ ಮಾತೇ.

ಜರಡಿಯಣ್ಣ ಉಗ್ರಾಣದಿಂದ ತಂದ ಮುಚ್ಚಳದ ಪಾತ್ರೆಯಿಂದ ಹನ್ನೆರಡು ಚಮಚ ಪುಡಿ ಅಳೆದು ಜಗ್ಗಿಗೆ ಹಾಕಿದ. ಕೊತಕೊತ ಕುದಿಯುವ ನೀರು ಸುರಿದ. ಸೌಟು ತಿರುಗಿಸಿದ. ಮೂಗಿ ನೋಡುತ್ತಿದ್ದಂತೆ ಜಗ್ಗಿನೊಳಗೆ ಮೊಟ್ಟೆಯ ಬಿಳಿ ಹರಿದು ಹಾಕಿದ ಹಾಗೆ ಚೂರುಗಳು ಎದ್ದವು. ಅವನು ಜಗ್ಗನ್ನು ಜರಡಿಯ ಮೇಲೆ ಬಗ್ಗಿಸಿದ. ಕೆಳಗೆ ತೆಳ್ಳಗೆ ಬಿಳಿ ನೀರು ಇಳಿಯಿತು. ಮೇಲೆ ಎರಡು ಮುಷ್ಟಿಯಷ್ಟು ಗಂಟು ಉಳಿಯಿತು. ಹಿಂಬಾಗಿಲು ತೆರೆದು ಜರಡಿಯನ್ನು ಕಲ್ಲಿಗೆ ಒಂದೇ ಏಟು ಕೊಡವಿದ. ಅಲ್ಲಿ ಕಾದಿದ್ದ ಬೂದು ಬಣ್ಣದ ಬೆಕ್ಕು ಬಾಲ ನೆಟ್ಟಗೆ ಮಾಡಿಕೊಂಡು ಬಂದಿತು.

ಇದನ್ನು ಅವಳು ಇನ್ನೂರು ಸಲ ನೋಡಿದ್ದಳು. ಇವತ್ತು ನೋಡಿದ್ದು ಮೊದಲನೇ ಸಲ ಅನ್ನಿಸಿತು. ಬೆಕ್ಕಿನ ಮೈ ಎಣ್ಣೆ ಹಚ್ಚಿದ ಹಾಗೆ ಮಿರಮಿರ ಎನ್ನುತ್ತಿತ್ತು. ಐದು ವಾರದ ಹಿಂದೆ, ದೊಡ್ಡಮ್ಮ ಆಸ್ಪತ್ರೆ ಸೇರಿದ ವಾರವೇ, ಇದೇ ಬಾಗಿಲಿಗೆ ಸಿಕ್ಕಿ ಅದರ ಹಿಂಗಾಲಿನ ಚರ್ಮ ಕಿತ್ತುಬಂದಿತ್ತು. ಈಗ ಅಲ್ಲಿ ಗಾಯದ ಗುರುತೂ ಇರಲಿಲ್ಲ.

ಅವಳು ಹನ್ನೆರಡು ಲೋಟ ಹೊತ್ತು ಮೇಲೆ ಹೋದಳು, ಹನ್ನೆರಡು ಖಾಲಿ ಲೋಟ ತಂದಳು. ಟಿಕ್ ಹಾಕುವಾಗ ಕೈ ಬರಲಿಲ್ಲ. ಸಿಸ್ಟರು ನೋಡುತ್ತಿದ್ದರು, ಹಾಕಿದಳು. ಹಾಕಿದ್ದಕ್ಕೆ ತನ್ನ ಮೇಲೇ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂದಿತು. ಡಾಕ್ಟರು ಆ ಮಾತು ಆಡಿದ್ದು ಈ ಟಿಕ್ಕುಗಳನ್ನು ನಂಬಿಯೇ ತಾನೆ. ದೊಡ್ಡಮ್ಮನಿಗೆ ಮನಸ್ಸಿಲ್ಲ ಎಂದು ಬರೆದುಕೊಟ್ಟವಳು ತಾನೇ ಆದಂತಾಯಿತು.

ಮಧ್ಯಾಹ್ನ ಪಾತ್ರೆ ಉಜ್ಜುವ ಹೊತ್ತಿಗೆ ಅವಳು ಜರಡಿಯಣ್ಣನ ಬಳಿ ಹೋಗಿ, ಆ ಗಂಟಿನಲ್ಲೇ ಪ್ರೋಟೀನು ಇರುವುದಂತೆ, ನೀರು ಕುದಿಸಿ ಆರಿಸಿ ಆಮೇಲೆ ಪುಡಿ ಹಾಕಿದರೆ ಗಂಟಾಗುವುದಿಲ್ಲವಂತೆ ಎಂದು ಹೇಗೋ ಹೇಳಿ ಮುಗಿಸಿದಳು. ಅರ್ಧ ಮಾತು ನೆಲಕ್ಕೆ ಬಿದ್ದಿತ್ತು, ಅವನು ಎರಡು ಸಲ ಏನು ಏನು ಎಂದು ಕೇಳಬೇಕಾಯಿತು.

“ಓಹೋ, ಮೂಗಿಗೆ ಬಾಯಿ ಬಂತು ನೋಡ್ರಪ್ಪ,” ಎಂದು ಅವನು ಪಾತ್ರೆಯವರ ಕಡೆ ತಿರುಗಿದ. “ಎಂಟನೇ ಕ್ಲಾಸ್ ಬಿಟ್ಟವಳು ನಂಗೆ ಪುಡಿ ಕಲಸೋ ಪಾಠ ಹೇಳ್ತಾಳೆ. ಇಪ್ಪತ್ತು ವರ್ಷದಿಂದ ಕಲಸ್ತಿದ್ದೀನಿ ಕಣಮ್ಮ. ಗಂಟು ಯಾರಾದ್ರೂ ನುಂಗಿ ಸತ್ರೆ ನೀನು ಹೋಗ್ತೀಯಾ ಜೈಲಿಗೆ?”

ಎಲ್ಲರೂ ನಕ್ಕರು. ಅದು ಅವಳಿಗೆ ಚೆನ್ನಾಗಿ ಪರಿಚಯವಿದ್ದ ನಗು. ಆದರೆ ಈ ಸಲ ಚೀಲ ಎತ್ತಿಕೊಂಡು ಮನೆಗೆ ಹೋಗುವಂತಿರಲಿಲ್ಲ.

ಶನಿವಾರ ಮ್ಯಾನೇಜರ ಕೋಣೆಯ ಮುಂದೆ ಮುಕ್ಕಾಲು ಗಂಟೆ ನಿಂತಳು. ಒಳಗೆ ಕರೆದ ಅವರು ಮಾತನ್ನು ಅರ್ಧಕ್ಕೇ ನಿಲ್ಲಿಸಿ, ನೋಟಿಸು ಬದಲಾಯಿಸಬೇಕಾದರೆ ಪಥ್ಯದ ವಿಭಾಗದಿಂದ ಬರಹದಲ್ಲಿ ಬರಬೇಕು ಎಂದರು. ಪಥ್ಯದ ಮೇಡಂ ಬರುವುದು ಮಂಗಳವಾರ. ಡಾಕ್ಟರು ಬರುವುದು ಸೋಮವಾರ. ಮೇಡಂ ಕೋಣೆಯ ಬಾಗಿಲ ಸಂದಿಯಲ್ಲಿ ಒಂದು ಚೀಟಿ ತೂರಿಸಿ ಬಂದಳು. ಅದು ಅಲ್ಲೇ ನೆಲದ ಮೇಲೆ ಬಿದ್ದಿರುವುದು ಗಾಜಿನೊಳಗಿಂದ ಕಾಣುತ್ತಿತ್ತು. ಒಂದೊಂದು ಬಾಗಿಲಿಗೂ ಒಂದೊಂದು ದಿನ ಗೊತ್ತುಮಾಡಿರುವ ಈ ಆಸ್ಪತ್ರೆಯಲ್ಲಿ, ಸೋಮವಾರದೊಳಗೆ ಎದ್ದು ನಿಲ್ಲು ಎಂದು ಕಾಲಲ್ಲಿ ಬಲವಿಲ್ಲದವಳಿಗೆ ಗಡುವು ಕೊಡುತ್ತಾರಲ್ಲ ಎಂದು ಅವಳಿಗೆ ಉರಿದುಹೋಯಿತು.

ಅಲ್ಲಿಂದ ಇಳಿಯುವಾಗ ಉಗ್ರಾಣದ ಬಾಗಿಲು ತೆರೆದಿತ್ತು. ಪುಡಿ ಬರುವುದು ದೊಡ್ಡ ಡಬ್ಬಗಳಲ್ಲಿ. ಉಗ್ರಾಣದವನು ಅದನ್ನು ಸ್ಟೀಲ್ ಪಾತ್ರೆಗೆ ಸುರಿದು ಅಡುಗೆಮನೆಗೆ ಕೊಡುತ್ತಿದ್ದ. ಹಾಗಾಗಿ ಡಬ್ಬದ ಮೇಲೆ ಏನು ಬರೆದಿದೆ ಎಂದು ಕಲಸುವವನು ಒಮ್ಮೆಯೂ ನೋಡಿರಲಿಲ್ಲ, ಬರೆದದ್ದನ್ನು ನೋಡಿದವನು ಒಮ್ಮೆಯೂ ಕಲಸಿರಲಿಲ್ಲ. ಮೂಗಿ ಖಾಲಿ ಡಬ್ಬವೊಂದನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಬೆರಳಿಟ್ಟು ಓದಿದಳು. ಆಮೇಲೆ ಆ ಡಬ್ಬವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದಳು. ಕಸಕ್ಕೆ ಹೋಗುವುದು ತಾನೆ ಎಂದು ಉಗ್ರಾಣದವನು ತಡೆಯಲಿಲ್ಲ.

ಭಾನುವಾರ ಹನ್ನೊಂದರ ಹೊತ್ತಿಗೆ ಬೆಕ್ಕಿಗೆ ತಾನೇ ಹಾಕುತ್ತೇನೆಂದು ಜರಡಿ ಕೇಳಿದಳು. ಬೆಕ್ಕಿಗೆ ಬಡಿಸುವ ಕೆಲಸಕ್ಕೆ ಬಡ್ತಿ ಸಿಕ್ಕಿತು ಇವಳಿಗೆ ಎಂದು ಜರಡಿಯಣ್ಣ ಕೊಟ್ಟ. ಗಂಟನ್ನೆಲ್ಲ ತಟ್ಟೆಯಲ್ಲಿ ಹರಡಿ, ತಟ್ಟೆ ಬಿಸಿಯಿಡುವ ಬೀರುವಿನ ಕೆಳಗಿನ ಖಾನೆಯಲ್ಲಿಟ್ಟಳು. ಸೋಮವಾರ ಬೆಳಗ್ಗೆ ಅದು ಒಣಗಿ ಗರಿಗರಿಯಾಗಿತ್ತು. ತರಕಾರಿಯ ತಕ್ಕಡಿಯಲ್ಲಿಟ್ಟು ತೂಗಿದಳು. ಜಗ್ಗಿಗೆ ಹಾಕಿದ್ದು ಮುನ್ನೂರು ಗ್ರಾಂ ಪುಡಿ. ತಟ್ಟೆಯಲ್ಲಿ ನೂರ ಎಂಬತ್ತು ಗ್ರಾಂ ಒಣ ಗಂಟು. ಹೆಚ್ಚಿನ ಪಾಲು ಹಿಂಬಾಗಿಲ ಕಲ್ಲಿಗೆ, ಉಳಿದ ಚೂರುಪಾರು ಹನ್ನೆರಡು ಜನಕ್ಕೆ.

ಹತ್ತೂವರೆಗೆ ಡಾಕ್ಟರು ಬಂದರು. ಜೊತೆಗೆ ವಾರ್ಡ್ ಸಿಸ್ಟರು, ಕೈಯಲ್ಲಿ ಕಾಗದದ ಕಟ್ಟು. ಐದನೇ ಮಂಚದ ಮುಂದೆ ನಿಂತು ದೊಡ್ಡಮ್ಮನನ್ನು ಎಬ್ಬಿಸಿ ವಾಕರ್ ಕೊಟ್ಟರು. ದೊಡ್ಡಮ್ಮ ತುಟಿ ಕಚ್ಚಿ ನಿಂತಳು. ಮೊಣಕೈ ಬಿಗಿದುಕೊಂಡಿತು, ಕತ್ತಿನ ನರ ಉಬ್ಬಿತು. ಹನ್ನೊಂದು ಎಣಿಸುವಷ್ಟು ಹೊತ್ತು ನಿಂತು ಕುಸಿದಳು. ಸಿಸ್ಟರು ಹಿಡಿದು ಕೂರಿಸಿದರು.

ಡಾಕ್ಟರು ಹಾಳೆ ತಿರುವಿದರು. “ಎಪ್ಪತ್ತು ಸಲ ಕೊಟ್ಟಿದ್ದೀವಿ ನೋಡಿ. ಎಪ್ಪತ್ತೂ ಟಿಕ್. ನಮ್ಮ ಕಡೆಯಿಂದ ಏನೂ ಕಮ್ಮಿ ಮಾಡಿಲ್ಲ ಅಮ್ಮ. ನಿಮಗೇ ಏಳೋ ಮನಸ್ಸಿಲ್ಲ ಅಂದ್ರೆ ನಾವೇನು ಮಾಡೋಣ?” ಎಂದು ಪೆನ್ನಿಗಾಗಿ ಕೈ ಚಾಚಿದರು.

“ಆ ಟಿಕ್ ಸುಳ್ಳು ಡಾಕ್ಟ್ರೇ.”

ಮಾತು ಎಲ್ಲಿಂದ ಬಂತು ಎಂದು ಡಾಕ್ಟರು ಸುತ್ತ ನೋಡಿದರು. ತಳ್ಳುಗಾಡಿಯ ಹಿಂದೆ ನಿಂತವಳ ಮುಖ ಕೆಂಪೇರಿತ್ತು, ಗಾಡಿಯ ಹಿಡಿ ಬಿಗಿಹಿಡಿದ ಬೆರಳುಗಳು ಬಿಳುಚಿಕೊಂಡಿದ್ದವು. ಸಿಸ್ಟರು, ರೌಂಡ್ಸಿನ ಹೊತ್ತಿನಲ್ಲಿ ಏನೇ ಇದು, ಆಮೇಲೆ ಬಾ ಎಂದು ಗದರಿದರು.

“ಆಮೇಲೆ ಬಂದ್ರೆ ದೊಡ್ಡಮ್ಮ ಇಲ್ಲಿರಲ್ಲ ಸಿಸ್ಟರ್. ಅದಕ್ಕೇ ಈಗ ಹೇಳ್ತೀನಿ.”

ಗಾಡಿಯ ಕೆಳಗಿನ ಖಾನೆಯಿಂದ ಅವಳು ಒಂದೊಂದಾಗಿ ತೆಗೆದು ಮಂಚದ ಮೇಲಿಟ್ಟಳು. ಒಣ ಗಂಟಿನ ತಟ್ಟೆ, ಹಿಂದಿನ ಸಂಜೆ ಜಗ್ಗಿನಲ್ಲಿ ಉಳಿದದ್ದನ್ನು ಎತ್ತಿಟ್ಟ ಬಿಳಿ ನೀರಿನ ಲೋಟ, ಕುದಿಸಿ ಆರಿಸಿದ ನೀರಿನಲ್ಲಿ ಒಂದು ಚಮಚ ಪುಡಿ ಹಾಕಿ ತಾನೇ ಕಲಸಿದ ಇನ್ನೊಂದು ಲೋಟ, ಕೊನೆಗೆ ಆ ಖಾಲಿ ಡಬ್ಬ. ಎರಡನೆಯ ಲೋಟದ್ದು ಮಂದವಾಗಿ, ಒಂದೂ ಗಂಟಿಲ್ಲದೆ, ಗೋಡೆಗೆ ಬಳಿಯುವ ಸುಣ್ಣದಷ್ಟು ಬಿಳುಪಾಗಿತ್ತು. ಮೊದಲನೆಯದರ ತಳಕ್ಕೆ ಬೆರಳಿಟ್ಟರೆ ಬೆರಳು ಕಾಣುತ್ತಿತ್ತು.

ಇದೇನಿದು ಎಂದು ಡಾಕ್ಟರು ಡಬ್ಬದತ್ತ ಹುಬ್ಬೇರಿಸಿದರು. ಅವಳು ಡಬ್ಬ ಎತ್ತಿಕೊಂಡಳು. ಗಂಟಲು ಹಳೆಯ ಹಾಗೆಯೇ ಕಟ್ಟಿಕೊಂಡಿತು. ವಾರ್ಡಿನ ಹನ್ನೆರಡು ಮಂಚಗಳೂ ಇತ್ತಲೇ ನೋಡುತ್ತಿದ್ದವು. ಅವಳು ಬೆರಳಿಟ್ಟು, ಒಂದೊಂದೇ ಪದ ಗಟ್ಟಿಯಾಗಿ ಓದಿದಳು.

“ಉಗುರು ಬೆಚ್ಚಗಿನ ನೀರಿನಲ್ಲಿ... ಕಲಸಿ ಕುಡಿಯಿರಿ. ಕುದಿಯುವ ನೀರು... ಬಳಸಬೇಡಿ. ಗಂಟು ಕಟ್ಟುತ್ತದೆ.”

ಯಾರೂ ನಗಲಿಲ್ಲ.

ಕುದಿಯುವ ನೀರೇ ಹಾಕುತ್ತಾರೆ, ಗಂಟು ಕಟ್ಟುತ್ತದೆ, ಆ ಗಂಟನ್ನು ಜರಡಿ ಹಿಡಿದು ಎಸೆಯುತ್ತಾರೆ ಎಂದಳು. ಮುನ್ನೂರಕ್ಕೆ ನೂರ ಎಂಬತ್ತು ಈ ತಟ್ಟೆಯಲ್ಲಿದೆ ಎಂದಳು. ಮಾತು ಒಮ್ಮೆ ಹೊರಟ ಮೇಲೆ ನಿಲ್ಲಿಸುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

“ಲೋಟ ಖಾಲಿ ಆಗಿದೆ ಅಂತ ನಾನು ಟಿಕ್ ಹಾಕಿದೆ. ಲೋಟದಲ್ಲಿ ಏನಿತ್ತು ಅಂತ ನಾನೂ ನೋಡ್ಲಿಲ್ಲ, ನೀವೂ ಕೇಳ್ಲಿಲ್ಲ. ಹಿಂಬಾಗಿಲ ಬೆಕ್ಕಿಗೆ ಐದು ವಾರದ ಹಿಂದೆ ಕಾಲು ಹರಿದಿತ್ತು ಡಾಕ್ಟ್ರೇ, ಈಗ ಓಡಾಡ್ತಿದೆ. ಅದು ಮನಸ್ಸು ಮಾಡಿದ್ದಕ್ಕಲ್ಲ. ನಮ್ಮ ದೊಡ್ಡಮ್ಮಂಗೆ ಬರಬೇಕಾದ್ದು ಅದು ತಿಂತು. ಅವಳಿಗೆ ಮನಸ್ಸಿಲ್ಲ ಅಂತ ಬರೀಬೇಡಿ.”

ಡಾಕ್ಟರು ಎರಡೂ ಲೋಟಗಳನ್ನು ಬೆಳಕಿಗೆ ಹಿಡಿದರು. ಒಣ ಗಂಟೊಂದನ್ನು ಬೆರಳಲ್ಲಿ ಪುಡಿ ಮಾಡಿ ಮೂಸಿದರು. ಆಮೇಲೆ ಅಡುಗೆಮನೆಯವರನ್ನು ಕರೆಸಿ ಎಂದರು. ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದ ಜರಡಿಯಣ್ಣ, ತನ್ನದೇನೂ ತಪ್ಪಿಲ್ಲ, ಎರಡೂ ನೋಟಿಸಿನಲ್ಲಿ ಇರುವಂತೆಯೇ ಮಾಡಿದ್ದೇನೆ ಎಂದ. ನಿಜವೇ ಆಗಿತ್ತು. ಸಿಸ್ಟರು, ತಮಗೆ ಬರುವುದು ತುಂಬಿದ ಲೋಟ, ತಾವು ನೋಡುವುದು ಖಾಲಿ ಲೋಟ ಎಂದರು. ಅದೂ ನಿಜ. ಫೋನಿನಲ್ಲಿ ಸಿಕ್ಕಿದ ಪಥ್ಯದ ಮೇಡಂ, ಅಯ್ಯೋ, ಕುದಿಯುವ ನೀರು ಬೇಡವೆಂದು ಡಬ್ಬದ ಮೇಲೇ ಇದೆಯಲ್ಲ ಎಂದರು. ಎಲ್ಲರದೂ ನಿಜವೇ, ಎಲ್ಲರೂ ಕೈ ತೊಳೆದುಕೊಂಡವರೇ. ಕ್ಷಮಿಸಿ ಎಂದು ಐದನೇ ಮಂಚದ ಕಡೆ ತಿರುಗಿ ಹೇಳಿದವರು ಒಬ್ಬರೂ ಇಲ್ಲವಲ್ಲ ಎಂದು ಮೂಗಿ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದಳು.

ಡಾಕ್ಟರು ವರ್ಗಾವಣೆಯ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಇನ್ನೂ ನಾಲ್ಕು ವಾರ ಇಲ್ಲೇ ಇರಲಿ, ಇವತ್ತಿನಿಂದಲೇ ಕುದಿಸಿ ಆರಿಸಿದ ನೀರು, ಗಂಟಿಲ್ಲದ ಮೇಲೆ ಜರಡಿಯ ಮಾತೇ ಇಲ್ಲ ಎಂದರು. ಇಷ್ಟರಿಂದಲೇ ನಡೆದುಬಿಡುತ್ತಾರೆ ಎಂದು ತಾವು ಮಾತು ಕೊಡುವುದಿಲ್ಲ ಎಂದೂ ಸೇರಿಸಿದರು.

“ನೀವು ಮಾತು ಕೊಡೋದು ಬೇಡ,” ಎಂದಳು ದೊಡ್ಡಮ್ಮ. “ಹಿಂದೆ ಆಡಿದ್ದನ್ನ ವಾಪಸ್ ತಗೊಳ್ಳಿ, ಸಾಕು.”

ಡಾಕ್ಟರು ಕೆಮ್ಮಿ ಆರನೇ ಮಂಚಕ್ಕೆ ನಡೆದರು. ದೊಡ್ಡಮ್ಮ ದಿಂಬಿನ ಪಕ್ಕದಿಂದ ಪಟ್ಟಿಯ ಬಟ್ಟಲು ಎತ್ತಿ, ಪಿನ್ನು ಬಿಚ್ಚಿ, ಹುಡುಗಿಯ ಏಪ್ರನ್ನಿನ ಹೊಲಿಗೆ ಬಿಟ್ಟುಹೋದ ಜೇಬಿಗೆ ಸಿಕ್ಕಿಸಿದಳು. ತಾನೇ ಕೈ ಚಾಚಿ ಎರಡನೆಯ ಲೋಟ ತೆಗೆದುಕೊಂಡು ಕುಡಿದು, ಇದು ತಿನ್ನುವಂತಿದೆಯಲ್ಲೇ ಎಂದಳು.

ಸಂಜೆ ನಾಲ್ಕಕ್ಕೆ ಜರಡಿಯಣ್ಣ ನೀರಿನ ಪಾತ್ರೆಗೆ ಕೈ ತಾಗಿಸಿ, ಆರಿದೆಯೋ ಎಂದು ಮುಖ ಗಂಟು ಹಾಕಿಕೊಂಡೇ ಮೂಗಿಯನ್ನು ಕೇಳಿದ. ಅವಳು ಲೋಟ ಜೋಡಿಸಿದಳು. ಹನ್ನೆರಡಲ್ಲ, ಹದಿಮೂರು. ಲೆಕ್ಕ ತಪ್ಪಿದೆ ಎಂದು ಅವನು ಹೇಳಿದ. ತಪ್ಪಿಲ್ಲ ಎಂದು ಅವಳು ಹೇಳಿದಳು.

ಹಿಂದಿನ ಕಟ್ಟಡದ ಉದ್ದ ಕೋಣೆಯಲ್ಲಿ ಲೆಕ್ಕದ ಟೀಚರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಚಕ್ರದ ಕಿರುಗುಟ್ಟುವಿಕೆ ಕೇಳಿ ಇತ್ತ ಹೊರಳಿದರು. ಮುಖ ಅಂಗೈ ಅಗಲಕ್ಕೆ ಇಳಿದಿತ್ತು.

“ಬಿಳಿ ನೀರಾ? ನಂಗೆ ಇಲ್ಲಿ ಅದು ಬರೆದಿಲ್ವಲ್ಲ.”

“ಇದು ಬೇರೆ ಟೀಚರ್. ಕುಡಿದು ನೋಡಿ.”

ಟೀಚರು ಕುಡಿದರು. ಲೋಟ ಕೆಳಗಿಳಿಸಿ ಅವಳನ್ನೇ ನೋಡಿದರು. “ಮತ್ತೆ ಅಲ್ಲಿ ಅಷ್ಟು ದಿನ ಕೊಟ್ಟಿದ್ದು?”

ಉತ್ತರ ಹೇಳದೆ ಹೋಗಬಹುದಿತ್ತು. ಅವಳು ಹೇಳಿದಳು. “ನೀರು, ಟೀಚರ್. ಗಟ್ಟಿಯೆಲ್ಲ ಸೋಸಿ ಎಸೀತಿದ್ರು. ಟಿಕ್ ಹಾಕಿದ್ದು ನಾನೇ.”

ಮಂಚದ ಕಾಲ ಬಳಿ ಹಳೆಯ ವಾರ್ಡಿನ ಹಾಳೆಗಳು ಕಟ್ಟಾಗಿ ತೂಗುತ್ತಿದ್ದವು. ಅದನ್ನು ಇಲ್ಲಿ ಕೊಡು, ನಿನ್ನ ಪೆನ್ನನ್ನೂ ಕೊಡು ಎಂದರು ಟೀಚರು. ಹಾಳೆ ಹಾಳೆ ತಿರುವಿ, ಒಂದೊಂದು ಪುಟದ ಟಿಕ್ಕುಗಳ ಮೇಲೂ ಮೂಲೆಯಿಂದ ಮೂಲೆಗೆ ಗೆರೆ ಎಳೆದರು. ಕೊನೆಯ ಹಾಳೆಯ ತಳದಲ್ಲಿ ‘ರೋಗಿಗೆ ಸಹಕರಿಸುವ ಮನಸ್ಸಿಲ್ಲ’ ಎಂದು ಬರೆದಿತ್ತು. ಅದರ ಪಕ್ಕದಲ್ಲಿ, ಎಷ್ಟೋ ವರ್ಷ ಮಕ್ಕಳ ಉತ್ತರಪತ್ರಿಕೆಗಳ ಮೇಲೆ ಬರೆದ ಹಾಗೆ, ದೊಡ್ಡದೊಂದು ಸೊನ್ನೆ ಬರೆದು ಸುತ್ತ ಗೆರೆ ಹಾಕಿದರು.

“ಇದರ ಕೆಳಗೆ ಸಹಿ ಹಾಕಿರೋದು ಯಾರು?”

“ದೊಡ್ಡ ಡಾಕ್ಟ್ರು.”

“ಇನ್ನೂ ಮನೆಗೆ ಹೋಗಿರಲ್ಲ. ಕರ್ಕೊಂಡು ಬಾ ಅವರನ್ನ.”

ಅವಳು ಹಾಳೆಗಳನ್ನು ಎದೆಗೊತ್ತಿಕೊಂಡು ಹೊರಟಳು. ಗಾಡಿ ಅಲ್ಲೇ ಉಳಿಯಿತು. ಅಂಗಳ ದಾಟುವಾಗ ಕೂಗಿ ಕರೆಯಬೇಕಾದರೆ ಏನೆಂದು ಕೂಗುವುದು ಎಂದು ಯೋಚಿಸಿದಳು. ಡಾಕ್ಟರು ಆಗಲೇ ಚೀಲ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಅವಳು ನಿಂತಲ್ಲಿಂದಲೇ ಕೂಗಿದಳು. ಮೂರೂ ಮಹಡಿಯ ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು.